ನಿಲ್ಸು ಅಂದರೆ

ನಮ್ಮ ಚಿಕ್ಕಮ್ಮನನ್ನು ಮನೆಮಂದಿಯೆಲ್ಲ ಬೆಂಕಿ ಚಿಕ್ಕಮ್ಮ ಅನ್ನುತ್ತಿದ್ದೆವು. ಚಕ್ರದ ಮೇಲೆ ಮಣ್ಣನ್ನು ಮಡಕೆ ಮಾಡುವುದು ಚಿಕ್ಕಪ್ಪನ ಕೆಲಸ, ಅದನ್ನು ಸುಡುವುದು ಇವಳದು. ಭಟ್ಟಿಯ ಕಿಂಡಿಗೆ ಕಣ್ಣಿಟ್ಟು, ಬೆಂಕಿಯ ಬಣ್ಣ ನೋಡಿಯೇ ಇನ್ನೆಷ್ಟು ಸೌದೆ ಬೇಕೆಂದು ಹೇಳಿಬಿಡುತ್ತಿದ್ದಳು. ಆ ಹೆಸರು ಅಂಟಿಕೊಳ್ಳಲು ಅವಳ ಬಾಯಿಯೂ ಒಂದು ಕಾರಣ ಅನ್ನಿ.

ಚಿಕ್ಕಪ್ಪ ತೀರಿಕೊಂಡಾಗ ಅವನ ಕೈಯ ಕೊನೆಯ ಗುಡಾಣ ಸುಡದೆ ಹಸಿಯಾಗಿಯೇ ಉಳಿದಿತ್ತು. ಚಿಕ್ಕಮ್ಮ ಅದನ್ನು ಹಳೇ ಹೊದಿಕೆಯಲ್ಲಿ ಸುತ್ತಿ ಮೂಲೆಯ ಹಲಗೆಯ ಮೇಲಿಟ್ಟಳು. ಅಷ್ಟರಲ್ಲಿ ಅವಳ ಕಣ್ಣು ಮಂಜಾಯಿತು. ಆಪರೇಷನ್ ಮಾಡಿದ ಡಾಕ್ಟರು ಇನ್ನು ಬೆಂಕಿಯ ಕಡೆ ನೋಡಲೇಬೇಡಿ ಎಂದರು. ಗುಡಾಣ ಸುಡಲು ಧೈರ್ಯವಿಲ್ಲ, ಹಾಗೇ ಬಿಡಲು ಮನಸ್ಸಿಲ್ಲ. ಶಾಖ ಅವಸರದಲ್ಲಿ ಏರಿದರೆ ಒಳಗಿನ ತೇವ ಹಬೆಯಾಗಿ ಪಾತ್ರೆ ಸಿಡಿದು ಚೂರಾಗುತ್ತದೆ. ಇನ್ನೊಂದು ಮಾಡಿಕೊಡಲು ಚಿಕ್ಕಪ್ಪ ಬರುವುದಿಲ್ಲ.

ಕೊನೆಗೆ ಅವಳ ಸೊಸೆ ಒಂದು ಕರೆಂಟ್ ಭಟ್ಟಿ ತರಿಸಿದಳು. ಪಕ್ಕದಲ್ಲೊಂದು ಪುಟ್ಟ ಡಬ್ಬಿ, ಅದರಲ್ಲಿ ಕೆಂಪು ಅಂಕಿಗಳು, ಕೆಳಗೆ ಬಟನ್ನುಗಳು. ಶಾಖ ಎಷ್ಟು ವೇಗವಾಗಿ, ಎಲ್ಲಿಯವರೆಗೆ ಏರಬೇಕೆಂದು ಮೊದಲೇ ಒತ್ತಿಟ್ಟರೆ ಮಿಕ್ಕಿದ್ದನ್ನು ಅದೇ ನೋಡಿಕೊಳ್ಳುತ್ತದಂತೆ. ಚಿಕ್ಕಮ್ಮ ಮೂಗು ಮುರಿದಳು.

"ಈ ಡಬ್ಬಿಗೆ ಕಣ್ಣಿದ್ಯೇನೇ?"

"ಒಳಗೊಂದು ಕಡ್ಡಿ ಇದೆ ಅತ್ತೆ. ಶಾಖ ಎಷ್ಟು ಅಂತ ಅದಕ್ಕೆ ಗೊತ್ತಾಗತ್ತೆ."

"ಹಾಗಾದ್ರೆ ನನ್ನ ಕಣ್ಣಿಗಿಂತ ವಾಸಿ. ಈ ಗುಡಾಣ ಒಂದು ಸುಟ್ಟು ನಾನು ನಿಲ್ಲಿಸ್ತೀನಿ. ಆಮೇಲೆ ಭಟ್ಟಿ ನಿಂದು."

ಅಲ್ಲೇ ಕೂತಿದ್ದ ನಾನು ತಿರುಗಿ ಅವಳನ್ನೇ ನೋಡಿದೆ. ಬೆಂಕಿ ಬಿಟ್ಟರೆ ಅವಳ ಹತ್ತಿರ ಇನ್ನೇನಿತ್ತು?

ಬೆಳಿಗ್ಗೆ ಗುಡಾಣವನ್ನು ಮಗುವಿನ ಹಾಗೆ ಎತ್ತಿ ಒಳಗಿಟ್ಟರು. ಸೊಸೆ ಬಟನ್ ಮುಂದೆ ಕೂತಳು.

"ನಿಧಾನಕ್ಕೆ ಏರ್ಲಿ, ತುಂಬು ಬಸುರಿ ಮೆಟ್ಲು ಹತ್ತೋ ಹಾಗೆ," ಎಂದಳು ಚಿಕ್ಕಮ್ಮ. "ನೂರು ಮುಟ್ಟೋಕೆ ಮುಂಚೆ ನಿಲ್ಸು. ಮುಂದಿಂದು ಆಮೇಲೆ ಹೇಳ್ತೀನಿ."

ಸೊಸೆ ಹಾಗೇ ಒತ್ತಿದಳು. ಊಟ ಮುಗಿಸಿ ಬಂದು ಚಿಕ್ಕಮ್ಮ ಭಟ್ಟಿಯ ಮೈಮೇಲೆ ಅಂಗೈ ಇಟ್ಟಳು. ತಣ್ಣಗಿತ್ತು.

"ಹೋಯ್ತು," ಎಂದು ಅಲ್ಲೇ ಕುಸಿದಳು. "ಯಂತ್ರ ಕೈಕೊಟ್ಟಿದೆ. ಎಷ್ಟಕ್ಕೆ ಏರಿ ಸತ್ತಿತೋ ಏನೋ. ನಾನು ತೆಗೆಯಲ್ಲ, ನೀನೇ ನೋಡು."

ಸೊಸೆ ಮುಚ್ಚಳ ಎತ್ತಿದಳು. ಗುಡಾಣ ಇಟ್ಟ ಹಾಗೇ ಕೂತಿತ್ತು. ಅದೇ ಬೂದು ಬಣ್ಣ, ಒಂದು ಬಿರುಕೂ ಇಲ್ಲ.

"ಯಂತ್ರ ಸರಿಯಾಗೇ ಇದೆ ಅತ್ತೆ. ನೀವು ನಿಲ್ಸು ಅಂದ್ರಿ, ನಿಲ್ಸಿದೆ!"

"ಅಯ್ಯೋ ನಿನ್ನ! ಆರ್ಸು ಅಂದ್ನೇನೇ ನಾನು? ನಿಲ್ಸು ಅಂದ್ರೆ ಅಷ್ಟೇ ಶಾಖದಲ್ಲಿ ನಿಲ್ಸಿಟ್ಕೋ ಅಂತ. ಮಣ್ಣು ಬೆವರಿ ಒಳಗಿನ ತೇವ ಹೋಗೋವರೆಗೂ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಮೊದಲು ನಕ್ಕದ್ದು ಚಿಕ್ಕಮ್ಮ. ನಗುತ್ತಲೇ ಕಣ್ಣೊರೆಸಿಕೊಂಡಳು. ಸೊಸೆ ಡಬ್ಬಿಯನ್ನು ತಡಕಾಡಿ ಹೇಳಿದಳು: "ಇದರಲ್ಲಿ ಎರಡು ನಿಲ್ಸು ಇದೆ ಅತ್ತೆ. ಮೊದಲನೇದು ಆರ್ಸೋದು. ಎರಡನೇದು ಹಿಡಿದಿಟ್ಕೊಳ್ಳೋದು."

ಮಾರನೆಯ ದಿನ ಮತ್ತೆ ಶುರುವಾಯಿತು. ಈ ಸಲ ಪ್ರತಿ ಮಾತಿಗೂ ಸೊಸೆ "ಯಾವ ನಿಲ್ಸು?" ಅನ್ನುವುದು, ಚಿಕ್ಕಮ್ಮ ರೇಗುವುದು. ಡಬ್ಬಿಯೂ ಹೇಳಿದ ಮಾತು ಮೀರಲಿಲ್ಲ. ಅಂಕಿ ಸಾವಿರ ಹತ್ತಿ, ನಿಂತು, ಇಳಿಯಿತು.

ಪೂರ್ತಿ ತಣಿದ ಮೇಲೆ ಮುಚ್ಚಳ ತೆಗೆದರು. ಗುಡಾಣ ಕೆಂಪಗೆ ಹೊಳೆಯುತ್ತಿತ್ತು. ಸೊಸೆ ಬೆರಳಲ್ಲಿ ತಟ್ಟಿದಳು, ಠಣ್ ಅಂದಿತು. ಚಿಕ್ಕಮ್ಮ ಮೊಣಕೈವರೆಗೂ ತೋಳು ಒಳಗೆ ಇಳಿಬಿಟ್ಟು ಚಿಕ್ಕಪ್ಪನ ಬೆರಳು ಬಿಟ್ಟಿದ್ದ ಸುತ್ತುಗೆರೆಗಳನ್ನು ಒಂದೊಂದಾಗಿ ಸವರಿದಳು. ಎಷ್ಟೋ ಹೊತ್ತು ಕೈ ತೆಗೆಯಲಿಲ್ಲ.

ಸೊಸೆ ಅಳುಕುತ್ತ ಕೇಳಿದಳು: "ಇದೊಂದು ಸುಟ್ಟು ನಿಲ್ಲಿಸ್ತೀನಿ ಅಂದಿದ್ರಿ ಅತ್ತೆ. ಅದು ಯಾವ ನಿಲ್ಸೋದು?"

ಚಿಕ್ಕಮ್ಮ ಗುಡಾಣದೊಳಗಿಂದ ಕೈ ತೆಗೆಯದೆಯೇ ಹೇಳಿದಳು:

"ಎರಡನೇದು ಕಣೇ."