ಅವ್ವನಿಗಾಗಿ ತಗ್ಗಿಸಿದ ಗಾಡಿ

ಅಣ್ಣ ಕೊಂಡ ಮೋಟರ್‌ಸೈಕಲ್ ಎತ್ತರದ್ದು. ಸೋಲಾಪುರದ ನಮ್ಮ ಚಾದರ ಅಂಗಡಿಯ ಮುಂದೆ ಅದನ್ನು ತಂದು ನಿಲ್ಲಿಸಿದಾಗ ಅವ್ವ ಸೀಟಿನ ಮೇಲೆ ಕೈಯಿಟ್ಟು ನೋಡಿದಳು.

"ಇದನ್ನ ಹತ್ತಾಕ ಏಣಿ ಬೇಕಲ್ಲೋ. ಅದನ್ನೂ ಕೊಟ್ಟಾನೇನು ಶೋರೂಮಿನಾಂವ?"

ಅವಳಿಗೆ ಮೊಣಕಾಲು ನೋವು. ಬಸ್ಸಿನ ಮೆಟ್ಟಿಲು ಹತ್ತಲಾಗದು. ಆದರೂ ಪ್ರತಿ ಗುರುವಾರ ಅಣ್ಣನ ಹಿಂದೆ ಕೂತು ಅಕ್ಕಲಕೋಟದ ಮಠಕ್ಕೆ ಹೋಗುವುದನ್ನು ಬಿಡಲು ಸಿದ್ಧಳಿರಲಿಲ್ಲ. ನೆರೆಯವರು ತಮ್ಮ ಕಾರಿಗೆ ಕರೆದರೆ, "ಅವರು ಏಳು ಅಂದಾಗ ಏಳಬೇಕು. ನನಗ ಅಲ್ಲಿ ಸುಮ್ನ ಕೂಡೂದದ" ಎನ್ನುತ್ತಿದ್ದಳು. ನಾನು ಓಡಿಸುವ ಸ್ಕೂಟರನ್ನು ಅವಳು ನಂಬುತ್ತಿರಲಿಲ್ಲ.

ಅಣ್ಣ ಗಾಡಿ ತಗ್ಗಿಸುವುದೆಂದು ನಿರ್ಧರಿಸಿದ. ತಗ್ಗಿಸಿದ ಗಾಡಿ ನೋಡಲು ಚೆಂದವೆಂಬ ಆಸೆಯೂ ಅವನಿಗಿತ್ತು. ಎಂಐಡಿಸಿ ಕೈಗಾರಿಕಾ ಪ್ರದೇಶದ ಬಳಿಯ ಗ್ಯಾರೇಜಿಗೆ ನಾನೂ ಹೋಗಿದ್ದೆ. ಮೆಕ್ಯಾನಿಕ್ ಹಿಂದಿನ ಶಾಕಪ್‌ಗಳನ್ನು ತೆಗೆದು ಗಿಡ್ಡನೆಯವನ್ನು ಹಾಕಿದ. ಮುಂದಿನ ಗಾಲಿ ಹಿಡಿದ ಕೊಳವೆಗಳನ್ನು ಹ್ಯಾಂಡಲ್ ಕಡೆಗೆ ಸರಿಸಿ ಬಿಗಿದ.

"ಬಘಾ ಭಾವು, ನೋಡ್ರಿ, ಎಮ್ಮಿ ಹೊಂಡದಾಗ ಕೂತಂಗ ಕೂತದ. ಮೌಶಿಯವರ್ನ, ನಿಮ್ಮವ್ವನ್ನ, ಕರಕೊಂಡ ಬರ್ರಿ, ಕೂಡಿಸಿ ನೋಡೂಣು."

ಅಣ್ಣ ಪಕ್ಕದ ಚಹಾದಂಗಡಿಯತ್ತ ಕಣ್ಣು ಹಾಯಿಸಿದ. "ಇಷ್ಟು ಗಂಡಸರ ಮುಂದ ಆಕಿ ಹ್ಯಾಂಗ ಹತ್ತಾಳ್ರಿ? ನೀವಽ ಕೂಡ್ರಿ."

ಮೆಕ್ಯಾನಿಕ್ ಹಿಂದೆ ಕೂತ, ಎರಡೂ ಕಡೆ ಕಾಲು ಹಾಕಿ. ಇಬ್ಬರೂ ಒಂದು ಸುತ್ತು ಹೋಗಿ ಬಂದರು. ಏನೂ ನೆಲಕ್ಕೆ ತಾಕಲಿಲ್ಲ.

ಗುರುವಾರ ಅವ್ವ ಅಣ್ಣನ ಹೆಗಲು ಹಿಡಿದು ಸಲೀಸಾಗಿ ಹತ್ತಿದಳು. ಎಂದಿನಂತೆ ಎರಡೂ ಕಾಲು ಎಡಕ್ಕೆ, ತೊಡೆಯ ಮೇಲೆ ತೆಂಗಿನಕಾಯಿಯ ಚೀಲ. ನಾನು ಸ್ಕೂಟರಿನಲ್ಲಿ ಅವರ ಹಿಂದಿದ್ದೆ.

ಅಕ್ಕಲಕೋಟದ ಒಳಗೆ ರಸ್ತೆಯಲ್ಲಿ ಒಂದು ಉಬ್ಬು ಇದೆ. ಅದನ್ನು ದಾಟಿದ ಕೂಡಲೇ ಎಡಕ್ಕೆ ತಿರುವು. ಉಬ್ಬಿನಿಂದ ಇಳಿದ ಗಾಡಿ ಕೆಳಗೆ ಕುಸಿಯಿತು, ಮೇಲೇಳುವ ಮೊದಲೇ ಎಡಕ್ಕೆ ವಾಲಿತು. ಮಡಚಿದ್ದ ಸೈಡ್ ಸ್ಟ್ಯಾಂಡ್ ರಸ್ತೆಗೆ ಉಜ್ಜಿತು. ಮೊದಲು ಸದ್ದು ಬಂತು. ಆಮೇಲೆ ಹಿಂದಿನ ಗಾಲಿ ನೆಲ ಬಿಟ್ಟಿತು. ಆಮೇಲೆ ಅವ್ವ ನನಗೆ ಕಾಣಲಿಲ್ಲ.

ಜನ ಗಾಡಿ ಎತ್ತಿದರು. ಅಣ್ಣನ ಪಾದ ಊದಿತ್ತು. ಅವ್ವನ ಮೊಣಕೈ ತರಚಿತ್ತು. ಒಂದು ಅಂಗಡಿಯ ಕಟ್ಟೆಯ ಮೇಲೆ ಕೂತು ಚಪ್ಪಲಿ ಕೇಳುತ್ತಿದ್ದಳು. ರಸ್ತೆಯ ಮೇಲೆ ಬಿಳಿ ಗೆರೆ ಮೂಡಿತ್ತು, ಸ್ಟ್ಯಾಂಡಿನ ತುದಿ ಹೊಸದರಂತೆ ಹೊಳೆಯುತ್ತಿತ್ತು. ನನ್ನ ಕೈ ಸ್ಕೂಟರಿನ ಬ್ರೇಕನ್ನು ಬಿಡಲಿಲ್ಲ.

"ನಾಳೀನಽ ಮೊದಲಿನಂಗ ಎತ್ತರ ಮಾಡಸ್ತೀನಿ" ಎಂದ ಅಣ್ಣ.

"ಮಾಡಸು. ನಾ ಮನ್ಯಾಗ ಕೂಡ್ತೀನಿ" ಎಂದಳು ಅವ್ವ.

ಅವನು ಮಾಡಿಸಲಿಲ್ಲ. ಪಾದದ ಊತ ಇಳಿದ ಮೇಲೆ ಅವ್ವನೇ ಅವನ ಜೊತೆ ಗ್ಯಾರೇಜಿಗೆ ಹೋದಳು. ಚಹಾದಂಗಡಿಯ ಗಂಡಸರು ಎದ್ದು ಸ್ಟೂಲ್ ಕೊಟ್ಟರು. ಅವಳು ಕೂರಲಿಲ್ಲ.

"ಅವತ್ತ ನೀ ಹ್ಯಾಂಗ ಕೂತಿದ್ದೆಪಾ? ತೋರಸು."

ಮೆಕ್ಯಾನಿಕ್ ಎರಡೂ ಕಡೆ ಕಾಲು ಹಾಕಿ ಕೂತು ತೋರಿಸಿದ.

"ಹಿಂಗ ಕೂತ್ರ ಯಾಕ ಬೀಳ್ತದ! ನಾ ಒಂದಽ ಕಡೆ ಕಾಲು ಹಾಕಿ ಕೂಡಾಕಿ. ನನ್ನ ಬದಲಿ ನಿನ್ನಽ ಮಠಕ್ಕ ಕಳಸಬೇಕಾಗಿತ್ತು."

ಅವನು ನಕ್ಕು ಕಿವಿ ಹಿಡಿದುಕೊಂಡ. ಶಾಕಪ್‌ಗಳ ಸ್ಪ್ರಿಂಗ್ ಬಿಗಿ ಮಾಡಿದ, ಸ್ಟ್ಯಾಂಡನ್ನು ಗಿಡ್ಡ ಮಾಡಿ ಒಳಕ್ಕೆ ಬಾಗಿಸಿದ. ಎತ್ತರ ಅಷ್ಟೇ ಉಳಿಯಿತು.

ಮುಂದಿನ ಗುರುವಾರ ಅವ್ವ ಹೊರಬಂದಾಗ ಟ್ರಂಕಿನಲ್ಲಿದ್ದ ಅಜ್ಜಿಯ ಒಂಬತ್ತು ಗಜದ ಸೀರೆಯನ್ನು ಕಚ್ಚೆ ಹಾಕಿ ಉಟ್ಟಿದ್ದಳು. ನೋಯುವ ಕಾಲನ್ನು ಕೈಯಿಂದ ಎತ್ತಿ ಸೀಟು ದಾಟಿಸಿ, ಎರಡೂ ಕಡೆ ಕಾಲು ಹಾಕಿ ಕೂತಳು. ಅಣ್ಣ ತಿರುಗಿ ನೋಡಿದ.

"ಏನ್ ನೋಡ್ತಿ? ನಡಿ."

ಆ ತಿರುವಿನಲ್ಲಿ ಅಣ್ಣ ಗಾಡಿಯನ್ನು ಬಹಳ ನಿಧಾನ ಮಾಡಿದ. ನಾನು ಸ್ಟ್ಯಾಂಡನ್ನೇ ನೋಡುತ್ತಿದ್ದೆ. ಅದಕ್ಕೂ ನೆಲಕ್ಕೂ ನಡುವೆ ಬೆಳಕು ಕಾಣುತ್ತಿತ್ತು. ದಾಟಿದ ಮೇಲೆ ಅವ್ವ ಹಿಂದೆ ತಿರುಗಿ ಕೂಗಿದಳು.

"ಹಾರ್ನ್ ಯಾಕ ಒತ್ತಾಕತ್ತಿ? ಬಿಡು!"

ಒತ್ತುತ್ತಿದ್ದೇನೆಂದು ನನಗೆ ಆಗಷ್ಟೇ ಗೊತ್ತಾದದ್ದು.