ಮೋಹನ ರಾಗಕ್ಕೆ ನಿಷೇಧ

ಬಸವೇಶ್ವರನಗರದ ಒಂದು ಮಹಡಿ ಕೋಣೆಯಲ್ಲಿ ನಾವು ಹನ್ನೊಂದು ಜನ ಸೇರಿ ಸಂಗೀತ ಸಂಘ ಕಟ್ಟಿದ್ದೆವು. ರಾಗ, ತಾಳ, ಗುರು ಯಾವುದರ ಹಂಗೂ ಇಲ್ಲದೆ ಆ ಕ್ಷಣಕ್ಕೆ ಹೊಳೆದದ್ದನ್ನು ನುಡಿಸುವುದು ನಮ್ಮ ಧ್ಯೇಯ. ನಾನು ಸ್ಟೀಲ್ ತಟ್ಟೆಯ ಅಂಚಿಗೆ ಪಿಟೀಲಿನ ಕಮಾನು ಉಜ್ಜುತ್ತಿದ್ದೆ. ಪ್ರತಿ ಭಾನುವಾರ ಬೆಳಿಗ್ಗೆ ಕಛೇರಿ. ನುಡಿಸುವವರೂ ನಾವೇ, ಕೇಳುವವರೂ ನಾವೇ.

ಒಂದು ಭಾನುವಾರ ಪಕ್ಕದ ಬೀದಿಯ ಹಿರಿಯರೊಬ್ಬರು ಕ್ಲಾರಿನೆಟ್ ಹಿಡಿದು ಬಂದರು. ಮದುವೆ ಬ್ಯಾಂಡಿನಲ್ಲಿ ಆಯಸ್ಸು ಕಳೆದವರು. "ಯಾರು ಬೇಕಾದ್ರೂ ಬರಬಹುದು ಅಂತ ಬೋರ್ಡ್ ಹಾಕಿದೀರಲ್ಲ" ಎಂದು ಕೂತು ಮೋಹನ ರಾಗ ಎತ್ತಿಕೊಂಡರು. ಅಕ್ಕಪಕ್ಕದವರು ಬಂದು ಮೆಟ್ಟಿಲ ಮೇಲೆ ನಿಂತರು. ನಮ್ಮ ಸಂಘಕ್ಕೆ ಕೇಳುಗರು ಸಿಕ್ಕಿದ್ದು ಅದೇ ಮೊದಲು. ಹಾಗಾಗಿ ತುರ್ತು ಸಭೆ ಕರೆದೆವು.

ಎರಡು ಗಂಟೆ ಚರ್ಚಿಸಿ, ಸ್ವಾತಂತ್ರ್ಯದಲ್ಲಿ ರಾಗ ಸೇರುವುದಿಲ್ಲ ಎಂದು ತೀರ್ಮಾನಿಸಿದೆವು. ಅದನ್ನು ತಿಳಿಸುವ ಕೆಲಸ ನನ್ನ ಪಾಲಿಗೆ ಬಂತು.

"ಸಾರ್, ಇಲ್ಲಿ ರಾಗ ನುಡಿಸೋ ಹಾಗಿಲ್ಲ."

"ಮತ್ತೆ ತಪ್ಪು ನುಡಿಸ್ಬೇಕಾ?"

"ತಪ್ಪಲ್ಲ ಸಾರ್, ಮನಸ್ಸಿಗೆ ಬಂದಿದ್ದು."

"ನನ್ನ ಮನಸ್ಸಿಗೆ ಮೋಹನಾನೇ ಬರುತ್ತಲ್ಲಪ್ಪಾ, ಏನ್ಮಾಡ್ಲಿ?"

ಅವರು ಜಗಳವಾಡಲಿಲ್ಲ. ಮುಂದಿನ ಭಾನುವಾರ ಎದುರಿನ ಪಾರ್ಕಿನ ಕಲ್ಲುಬೆಂಚಿನ ಮೇಲೆ ಕೂತು ನುಡಿಸತೊಡಗಿದರು. ನಾವು ಕಿಟಕಿ ಮುಚ್ಚಿಕೊಂಡು ಅಭ್ಯಾಸ ಶುರುಮಾಡಿದೆವು. ಸ್ವಲ್ಪ ಹೊತ್ತಿಗೆ ಒಬ್ಬರಿಗೆ ಫೋನ್ ಬಂತು, ಇನ್ನೊಬ್ಬರಿಗೆ ಹಾಲು ತರುವುದು ನೆನಪಾಯಿತು. ಕೊನೆಗೆ ತಟ್ಟೆಯ ಜೊತೆ ನಾನೊಬ್ಬನೇ ಉಳಿದೆ, ನಾನೂ ಕೆಳಗಿಳಿದೆ.

ಬೆಂಚಿನ ಸುತ್ತ ಇಡೀ ಸಂಘ ಕೂತಿತ್ತು. ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಹಿರಿಯರು ನುಡಿಸುತ್ತಲೇ ಸ್ವಲ್ಪ ಸರಿದು ನನಗೆ ಜಾಗ ಮಾಡಿಕೊಟ್ಟರು.