ಬಸಿದದ್ದೇ ಸಾರು

ನಾವು ಬಾಡಿಗೆಗಿರುವ ಮನೆಯ ಕೆಳಗೆ ಜಯಲಕ್ಷ್ಮಮ್ಮನವರ ಮುದ್ದೆ ಹೋಟೆಲು. ನಾಲ್ಕು ಬೆಂಚು, ಒಂದು ಒಲೆ, ಬೋರ್ಡಿಲ್ಲ. ಚನ್ನರಾಯಪಟ್ಟಣಕ್ಕೆ ತೆಂಗಿನಕಾಯಿ ತರುವವರು ಮಧ್ಯಾಹ್ನ ಅಲ್ಲೇ ಕೂರುತ್ತಾರೆ. ಹೊಳೆನರಸೀಪುರದ ಕಡೆಯ ಹಳ್ಳಿಯಿಂದ ಮದುವೆಯಾಗಿ ಬಂದ ಅವರಿಗೆ ಈಗ ಅರವತ್ತೆರಡು. ಗಂಡ ಕೃಷ್ಣಪ್ಪನವರು ಸೌದೆ ಒಡೆದು, ನೀರು ತುಂಬಿಸಿ, ಬೈಸಿಕೊಳ್ಳುತ್ತಾರೆ.

ನನ್ನ ಚಿಂತೆ ಬೇರೆ. ಒಂದೂವರೆ ವರ್ಷದ ಮಗಳು ಪ್ರೇಕ್ಷಾಳ ತೂಕ ಎರಡು ತಿಂಗಳಿಂದ ಏರಿರಲಿಲ್ಲ. "ಮೂರು ವಾರ ಬಿಟ್ಟು ಕರ್ಕೊಂಡು ಬನ್ನಿ, ನೋಡೋಣ" ಎಂದಿದ್ದರು ಹಾಸನದ ಡಾಕ್ಟರು. ಆ ‘ನೋಡೋಣ’ ನನ್ನ ನಿದ್ದೆ ಕೆಡಿಸಿತ್ತು. ಮೊಬೈಲಿನಲ್ಲಿ ನೋಡಿ ಏನೇನೋ ಬೇಯಿಸಿದೆ, ರುಬ್ಬಿದೆ, ಸೋಸಿದೆ. ಮಗಳು ಎಲ್ಲವನ್ನೂ ನನ್ನ ಮೇಲೆಯೇ ಉಗಿದಳು.

ಒಂದು ಮಧ್ಯಾಹ್ನ ಅವಳನ್ನೆತ್ತಿಕೊಂಡು ಕೆಳಗಿಳಿದಾಗ ಜಯಲಕ್ಷ್ಮಮ್ಮನವರು ಕಡಲೆಕಾಳಿನಷ್ಟು ಮುದ್ದೆಯನ್ನು ಸಾರಿಗೆ ಅದ್ದಿ ಅವಳ ಬಾಯಿಗಿಟ್ಟರು.

"ಆಂಟಿ, ಖಾರ! ಕೈ ತೊಳೆದಿದೀರಾ?"

"ಇನ್ನೂ ಖಾರ ಆಕಿಲ್ಲ ಕಣವ್ವ. ಬಸ್ಸಾರು."

ಮಗಳು ನುಂಗಿ ಮತ್ತೆ ಬಾಯಿ ತೆರೆದಳು! ಮಾಡುವುದು ಹೇಗೆಂದು ಕೇಳಿದೆ. ಗಿರಾಕಿಗಳ ಗದ್ದಲದಲ್ಲಿ, "ಸೊಪ್ಪು, ಕಾಳು ಬೇಯ್ಸಿ ಬಸಿಯೋದು, ಅಷ್ಟೆಯ" ಎಂದರು.

ಮರುದಿನ ದಂಟಿನ ಸೊಪ್ಪು, ಅಲಸಂದೆ ಕಾಳು ಬೇಯಿಸಿ, ನೂಡಲ್ಸ್ ಬಸಿಯುವಂತೆ ಸಿಂಕಿನಲ್ಲಿ ಬಸಿದು, ಉಳಿದದ್ದನ್ನು ರುಬ್ಬಿ ತಿನ್ನಿಸಿದೆ. ಮಗಳು ಉಗಿದಳು. ಅಳುತ್ತಲೇ ಹೋಗಿ ಜಯಲಕ್ಷ್ಮಮ್ಮನವರನ್ನು ಕರೆತಂದೆ.

"ನೀರೆಲ್ಲಿ ಕಣವ್ವಾ?"

"ಚೆಲ್ಲಿದೆ. ನೀವೇ ಬಸಿ ಅಂದ್ರಲ್ಲ."

ಅವರು ಕಿಟಕಿಯಿಂದ ಗಂಡನನ್ನು ಕೂಗಿದರು: "ಇಗಾ, ಕೇಳ್ದಾ? ನಮ್ ಪ್ರತಿಭಮ್ಮ ಸಾರ್ನ ಮೋರಿಗುಣ್ಸಿ, ಮಗೀಗೆ ಗಸಿ ಇಕ್ಕವ್ಳೆ!"

ಕೆಳಗಿಂದ ಕೃಷ್ಣಪ್ಪನವರು, "ಮೋರಿ ದಪ್ಪ ಆಯ್ತದೆ ಬುಡು!" ಎಂದರು.

"ಬಸಿಯೋದು ಅಂದ್ರೆ ಚೆಲ್ಲೋದಲ್ಲ ಮಗ, ನಿಧಾನಕ್ಕೆ ಬಗ್ಸಿ ನೀರ್ ಇಳಿಸ್ಕೊಳ್ಳೋದು. ಅನ್ನದ ಗಂಜಿ ಬಸ್ದು ಕರೂಗೆ ಇಕ್ಕಲ್ವಾ, ಅದೇ ಮಾತು. ಬಸ್ದಿದ್ದೇ ಸಾರು, ಅದ್ಕೇ ಬಸ್ಸಾರು. ಆ ನೀರ್ನ ಕಟ್ಟು ಅಂತೀವಿ. ಒಳಗೆ ಉಳಿಯೋದು ಪಲ್ಯ."

ಆರು ಹೆಣ್ಣುಮಕ್ಕಳಿದ್ದ ಅವರ ತವರಿನಲ್ಲಿ ದೊಡ್ಡ ಮಡಕೆ ಒಂದೇ. ಅದರಿಂದಲೇ ಅವರವ್ವ ಸಾರನ್ನೂ ಪಲ್ಯವನ್ನೂ ಎಬ್ಬಿಸುತ್ತಿದ್ದರಂತೆ. ಬಸಿಯುವ ಕೆಲಸ ಇವರದು. ಒಂಬತ್ತನೇ ವಯಸ್ಸಿಗೇ ಮಡಕೆಯ ಬಾಯಿಗೆ ತಟ್ಟೆ ಮುಚ್ಚಿ, ಒಂದು ಕಾಳೂ ಜಾರದಂತೆ ಬಗ್ಗಿಸಲು ಕಲಿತರು. ಅಂಗೈಯ ಸುಟ್ಟ ಕಲೆ ತೋರಿಸಿ, "ಇದೇ ನನ್ ಸರ್ಟಿಫಿಕೇಟು" ಎಂದರು. ಅವರ ಊರಲ್ಲಿ ಏನಡುಗೆ ಎಂದು ಕೇಳಿದವರಿಗೆ "ಬಸ್ದಿದೀವಿ" ಎಂದರೆ ಸಾಕು, ಯಾವ ಸೊಪ್ಪು ಎನ್ನುವುದಷ್ಟೇ ಮುಂದಿನ ಪ್ರಶ್ನೆ.

ಮರುದಿನ ಅವರೆದುರೇ ಬಸಿದೆ. ತಟ್ಟೆ ಸರಿದು ನಾಲ್ಕು ಕಾಳು ಜಾರಿದವು. "ಬೀಳ್ಲಿ ಬುಡು, ಬೆಂದವೆ ಅಂತ ಗೊತ್ತಾಯ್ತಲ್ಲ" ಎಂದರು. ಬೆಂದದ್ದರಲ್ಲಿ ಒಂದು ಹಿಡಿಯನ್ನು ಈರುಳ್ಳಿ, ಬೆಳ್ಳುಳ್ಳಿ, ಕಾಯಿತುರಿಯೊಂದಿಗೆ ರುಬ್ಬಿ, ಕಟ್ಟಿನಲ್ಲಿ ಬೆರೆಸಿ ಕುದಿಸಿದೆವು. ಖಾರ ಹಾಕುವ ಮೊದಲೇ ತೆಗೆದಿಟ್ಟ ಪಾಲನ್ನು ಮಗಳು ಬಟ್ಟಲೆತ್ತಿ ಕುಡಿದಳು. ಅಂದಿನಿಂದ ವಾರಕ್ಕೆ ಮೂರು ದಿನ ನಮ್ಮನೆಯಲ್ಲೂ ಬಸಿಯುವುದೇ.

ಹಾಸನಕ್ಕೆ ಹೋದಾಗ ತಕ್ಕಡಿ ಮುನ್ನೂರೈವತ್ತು ಗ್ರಾಂ ಹೆಚ್ಚು ತೋರಿಸಿತು. ನಂಬಿಕೆಯಾಗದೆ ಮಗಳನ್ನು ಕೆಳಗಿಳಿಸಿ ಇನ್ನೊಮ್ಮೆ ತೂಗಿಸಿದೆ. ಊರಿಗೆ ಮರಳಿ ನೇರ ಹೋಟೆಲಿಗೆ ಓಡಿ ಸುದ್ದಿ ಹೇಳಿದೆ. ಬೆಂಚುಗಳೆಲ್ಲ ಭರ್ತಿ.

"ಸಂತೋಸ ಕಣವ್ವ," ಎಂದು ಜಯಲಕ್ಷ್ಮಮ್ಮನವರು ಕೈಚಾಚಿದರು. "ಮಗೀನ ನಂಗ್ ಕೊಟ್ಟು ಆ ಸೌಟು ಇಡ್ಕೊ. ಜನ ಕುಂತವ್ರೆ."